ಎಂಬತ್ತನಾಲ್ಕು ಕಿಕ್ಕು, ಒಂದು ಎಳೆ ನೂಲು

ಎಂಬತ್ತನಾಲ್ಕು.

ಮೊನ್ನೆ ಭಾನುವಾರ ಬೆಳಿಗ್ಗೆ, ನಮ್ಮೂರು ಮಕ್ತಲ್ ದಾಟಿದ ಮೇಲೆ ಸಿಗುವ ಕಾಲುವೆ ಸೇತುವೆಯ ಪಕ್ಕ ನಿಂತು ನನ್ನ ಬೈಕಿಗೆ ನಾನು ಫಲವಿಲ್ಲದೆ ಹೊಡೆದ ಕಿಕ್ಕುಗಳ ಸಂಖ್ಯೆ ಇದು. ಎಣಿಸಿದ್ದು ನಾನಲ್ಲ. ಸೇತುವೆಯ ಕಟ್ಟೆಯ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಲ್ ಟಿಕೆಟ್ ಹಿಡಿದು ಕೂತಿದ್ದ ನನ್ನ ಹೆಂಡತಿ ಗಿರಿಜಾ. ಬೈಯಲಿಲ್ಲ, ಅಳಲಿಲ್ಲ, ಎಣಿಸಿದಳು. ಮದುವೆಯಾಗಿ ಹದಿನೆಂಟು ವರ್ಷವಾದ ಹೆಂಗಸು ಬೈಯುವುದನ್ನು ಬಿಟ್ಟು ಎಣಿಸಲು ಶುರು ಮಾಡಿದಳೆಂದರೆ ಗಂಡನಾದವನು ಹೆದರಬೇಕು. ನಾನು ಹೆದರಿದೆ.

ಯಾಕೆಂದರೆ ಆ ಹೊತ್ತಿಗೆ ಅವಳು ಗದ್ವಾಲದ ಹತ್ತಿರ ತಲುಪಿರಬೇಕಿತ್ತು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿಗೆ ಟೀಚರ್ ನೇಮಕದ ಪರೀಕ್ಷೆ. ಒಂಬತ್ತೂವರೆಗೆ ಗೇಟು ಮುಚ್ಚುತ್ತಾರೆ. ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ಕೈಕಾಲು ಹಿಡಿದರೂ ಇಲ್ಲ. ವಯಸ್ಸಿನ ಲೆಕ್ಕದಲ್ಲಿ ಗಿರಿಜಾಗೆ ಇದು ಕೊನೆಯ ಅವಕಾಶ. ಮುಂದಿನ ಸಲ ಪರೀಕ್ಷೆ ಕರೆದಾಗ ಅವಳು ಅರ್ಜಿ ಹಾಕುವಂತೆಯೇ ಇಲ್ಲ.

ಹಾಗಿದ್ದರೆ ಬಸ್ಸಿಗೆ ಹೋಗಬೇಕಿತ್ತಲ್ಲ ಅಂತೀರಾ? ಗಿರಿಜಾನೂ ಅದನ್ನೇ ಅಂದಿದ್ದಳು. "ಆರು ಗಂಟೇದ ಬಸ್ಸಿಗೆ ಹೋಗ್ತೀನ್ರಿ. ಜಲ್ದಿ ಮುಟ್ಟಿದ್ರ ಅಲ್ಲೇ ಗಿಡದ ಕೆಳಗ ಕುಂತು ಓದ್ಕೊಂತೀನಿ." ಬೇಡ ಅಂದವನು ನಾನು. ಬಸ್ಸು ಯಾಕೆ, ನಾನಿಲ್ಲವೇ? ಹೊಸ ಕಾರ್ಬ್ಯುರೇಟರ್ ಹಾಕಿಸಿದ್ದೇನೆ, ಏಳಕ್ಕೆ ಬಿಟ್ಟರೆ ಎಂಟೂವರೆಗೆ ಗದ್ವಾಲದಲ್ಲಿ ಇಡ್ಲಿ ತಿನ್ನುತ್ತಿರುತ್ತೇವೆ ಅಂದೆ. ಇಡ್ಲಿಯ ಮಾತೇ ಹೆಚ್ಚಾಯಿತು ಅಂತ ಈಗ ಅನ್ನಿಸುತ್ತದೆ.

ನನ್ನ ಬೈಕಿನ ಪರಿಚಯ ಈ ಅಂಕಣದ ಓದುಗರಿಗೆ ಉಂಟು. (ಹೊಸಬರಿಗಾಗಿ: ನೂರು ಸಿಸಿ, ಕಪ್ಪು ಬಣ್ಣ, ಸೀಟಿಗೆ ಇದು ಮೂರನೇ ಕವರು.) ನಮ್ಮ ಊರು ಆಂಧ್ರಪ್ರದೇಶದಲ್ಲಿದ್ದಾಗ ಕೊಂಡದ್ದು. ಆಮೇಲೆ ನಾವು ಕೂತಲ್ಲೇ ತೆಲಂಗಾಣದವರಾದೆವು. ಮತ್ತೆ ಕೆಲವು ವರ್ಷಕ್ಕೆ, ಆಗಲೂ ಕೂತಲ್ಲೇ, ಮಹಬೂಬ್‌ನಗರ ಜಿಲ್ಲೆ ಹೋಗಿ ನಾರಾಯಣಪೇಟೆ ಜಿಲ್ಲೆಯವರಾದೆವು. ಬೈಕಿನ ನಂಬರ್ ಪ್ಲೇಟ್ ಮಾತ್ರ ಯಾವ ಬದಲಾವಣೆಗೂ ಜಗ್ಗದೆ ಹಳೇ ರಾಜ್ಯದಲ್ಲೇ ಉಳಿದಿದೆ. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಮೆಕ್ಯಾನಿಕ್ ಹತ್ತಿರ ಉರ್ದು. ಗಾಡಿ ಮೂರೂ ಭಾಷೆಯಲ್ಲಿ ಬೈಗುಳ ತಿಂದಿದೆ.

ಒಂದು ತಿಂಗಳಿಂದ ಅದರ ಕಾರ್ಬ್ಯುರೇಟರ್, ಅಂದರೆ ಎಂಜಿನ್ನಿಗೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಕೊಡುವ ಡಬ್ಬಿ, ಸತಾಯಿಸುತ್ತಿತ್ತು. ಬಜಾರಿನಲ್ಲಿ ಯಾರಾದರೂ ನಿಲ್ಲಿಸಿ ಮಾತಾಡಿಸಿದರೆ ಆಕ್ಸಲರೇಟರ್ ತಿರುವುತ್ತಲೇ ಉತ್ತರ ಕೊಡಬೇಕು. ಕೈ ಬಿಟ್ಟರೆ ಆಫ್. ಮನೆ ಮುಂದೆ ನಿಲ್ಲಿಸಿದರೆ ಬೆಳಿಗ್ಗೆ ನೆಲದ ಮೇಲೆ ಪೆಟ್ರೋಲಿನ ಕಲೆ. ಪರೀಕ್ಷೆಗೆ ಮೊದಲು ಇದನ್ನು ಬದಲಾಯಿಸಿಬಿಡೋಣ ಅಂದುಕೊಂಡರೆ ನಮ್ಮ ಮೆಕ್ಯಾನಿಕ್ ಮದುವೆಗೆ ಅಂತ ಊರು ಬಿಟ್ಟಿದ್ದ.

ಆಗ ಬಂದವನು ಈರಣ್ಣ. ಗಿರಿಜಾಳ ಅಣ್ಣ. ನಾರಾಯಣಪೇಟೆಯಲ್ಲಿ ಸೀರೆ ನೇಯುತ್ತಾನೆ. ಆ ಮನೆಯಲ್ಲಿ ಫ್ಯಾನು, ಮಿಕ್ಸರು, ನೀರಿನ ಮೋಟಾರು ಯಾವುದು ಕೆಟ್ಟರೂ ಹೊರಗೆ ಹೋದದ್ದಿಲ್ಲ. ಎಲ್ಲದಕ್ಕೂ ಇವನದೇ ಕೈ. ನಾನು ಫೋನಿನಲ್ಲಿ ಮೆಕ್ಯಾನಿಕ್ ಇಲ್ಲ ಅಂತ ಗೋಳಾಡಿದ್ದೇ ತಡ, ಶನಿವಾರ ಮಧ್ಯಾಹ್ನ ಹೊಸ ಕಾರ್ಬ್ಯುರೇಟರನ್ನು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಮಕ್ತಲ್‌ಗೆ ಇಳಿದೇಬಿಟ್ಟ.

"ಮಾಸ್ತರ್ರೆ, ಸಾವಿರಾರು ಎಳಿ ಇರೋ ಮಗ್ಗ ಬಿಚ್ಚಿ ಕೂಡಸ್ತೀನಿ. ಇದರಾಗ ಏನೈತಿ? ನಾಕು ಬೋಲ್ಟು, ಎರಡು ಪೈಪು. ಬೇಫಿಕರ್ ಇರ್ರಿ" ಅಂದ.

ಬೇಫಿಕರಾಗಿಯೇ ಇದ್ದೆ. ಅಂಗಳದಲ್ಲಿ ಗೋಣಿಚೀಲ ಹಾಸಿ, ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಸಾಲಾಗಿ ಇಟ್ಟು, ಒರೆಸಿ, ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದ. ಒಂದೇ ಕಿಕ್ಕಿಗೆ ಗಾಡಿ ಹಿಡಿಯಿತು. ಹೊಸ ಹುರುಪಿನ ಶಬ್ದ. ನಾನು ಖುಷಿಯಿಂದ ಒಳಗೆ ಚಹಾ ಕುಡಿಯಲು ಹೋದೆ. ಅವನು "ಸ್ವಲ್ಪ ಸಾಪ್ ಮಾಡಿ ಬರ್ತೀನಿ" ಅಂತ ಹೊರಗೇ ಉಳಿದ.

ಆ 'ಸ್ವಲ್ಪ'ದಲ್ಲೇ ಎಲ್ಲ ಆದದ್ದು. ಅದು ನಮಗೆ ಗೊತ್ತಾಗಿದ್ದು ಮರುದಿನ.

ಭಾನುವಾರ ಏಳಕ್ಕೆ ಸರಿಯಾಗಿ ಹೊರಟೆವು. ಗಿರಿಜಾ ತನ್ನ ಅಣ್ಣ ನೇಯ್ದ ಸೀರೆ ಉಟ್ಟಿದ್ದಳು. ಸಣ್ಣ ಚೌಕಳಿ, ಕೆಂಗಂದು ಬಣ್ಣದ ಅಂಚು. ಪರೀಕ್ಷೆಗೆ ರೇಷ್ಮೆ ಅಂಚು ಯಾಕೆ ಅಂದರೆ "ನಾ ಏನ್ ದಿನಾ ಪರೀಕ್ಷಾ ಬರಿಯಾಕ ಹೊಂಟೀನೇನು?" ಅಂದಳು. ಮಾತಿನಲ್ಲಿ ಸಣ್ಣದೊಂದು ಮುಳ್ಳಿತ್ತು. ನಾನು ಅದನ್ನು ತುಳಿಯದೆ ಕಿಕ್ ಹೊಡೆದೆ. ಗಾಡಿ ಹಿಡಿಯಿತು. ಊರು ದಾಟಿತು. ಕಾಲುವೆ ಸೇತುವೆಯ ಹತ್ತಿರ ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಅಲ್ಲಿಂದ ಶುರು.

ಮೊದಲ ಇಪ್ಪತ್ತು ಕಿಕ್ಕುಗಳನ್ನು ನಾನು ಧೈರ್ಯದಿಂದ ಹೊಡೆದೆ. ಟ್ಯಾಂಕ್ ಅಲ್ಲಾಡಿಸಿದೆ, ಪೆಟ್ರೋಲ್ ಕುಲುಕಿತು. ರಿಸರ್ವ್‌ಗೆ ತಿರುಗಿಸಿದೆ. ಚೋಕ್ ಎಳೆದೆ, ಚೋಕ್ ಬಿಟ್ಟೆ. ನಿಮಗೆ ಗೊತ್ತಿರಬೇಕು, ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಮೇಷ್ಟ್ರು. (ಈ ಮಾತು ನೆನಪಿಟ್ಟುಕೊಳ್ಳಿ. ಮುಂದೆ ನನ್ನ ಮಾನ ಹೋಗುವಾಗ ಬೇಕಾಗುತ್ತದೆ.) ಹಾಗಾಗಿ ಕ್ರಮಬದ್ಧವಾಗಿ ಪರೀಕ್ಷಿಸಬೇಕು ಅಂತ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆದೆ. ನೀಲಿ ಕಿಡಿ ಚಟಚಟ ಬಂತು. ಕರೆಂಟಿನ ತೊಂದರೆ ಅಲ್ಲ.

"ತಳ್ಳಿದ್ರ ಬರಬಹುದೇನ್ರಿ?" ಅಂದಳು ಗಿರಿಜಾ.

ತಳ್ಳಿದಳು. ನನಗೆ ಈಗಲೂ ಬರೆಯಲು ನಾಚಿಕೆ. ಪರೀಕ್ಷೆ ಬರೆಯಬೇಕಾದವಳು ಸೆರಗು ಸಿಕ್ಕಿಸಿಕೊಂಡು ಗಾಡಿ ತಳ್ಳುತ್ತಿದ್ದಾಳೆ, ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇನೆ ಅಂದವನು ಮೇಲೆ ಕೂತಿದ್ದಾನೆ. ಸೇತುವೆಯ ಆ ಕಡೆಯವರೆಗೆ ಹೋದೆವು. ಈ ಕಡೆಗೆ ಬಂದೆವು. ಗಾಡಿ ಗುರ್ ಅಂದಿತೇ ಹೊರತು ಹಿಡಿಯಲಿಲ್ಲ. ಅವಳು ಮತ್ತೆ ಕಟ್ಟೆಯ ಮೇಲೆ ಕೂತಳು. ಎಣಿಕೆ ಮುಂದುವರಿಯಿತು.

ಅಷ್ಟರಲ್ಲಿ ಒಂದು ಆಟೋ ಬಂತು. ಹತ್ತಿ ಬಿಡಿಸಲು ಹೊರಟ ಹೆಂಗಸರು ಹೊರಗೆ ಉಕ್ಕುವಂತೆ ತುಂಬಿದ್ದರು. ಗಿರಿಜಾಳ ಕೈಯಲ್ಲಿನ ಹಾಲ್ ಟಿಕೆಟ್ ನೋಡಿ ಒಬ್ಬಾಕೆ ತಲೆ ಹೊರಗೆ ಹಾಕಿದಳು.

"ಪರೀಕ್ಷಾಕ್ಕೇನವ್ವ? ಒಬ್ಬಾಕಿಗೆ ಜಾಗ ಮಾಡ್ತೀವಿ, ಬಾ. ಅಮರಚಿಂತ ತನಕ ಹೋಗ್ತೈತಿ. ಅಲ್ಲಿಂದ ಏನರ ಸಿಗತೈತಿ."

ಗಿರಿಜಾ ಎದ್ದಳು. ನಾನು ಅಂದೆ, "ಎರಡು ನಿಮಿಷ. ಈಗ ಬಂದ್‌ಬಿಡ್ತೈತಿ."

ಆಟೋ ಹೋಯಿತು. ಗಾಡಿ ಬರಲಿಲ್ಲ. ನನ್ನಂಥ ಗಂಡಂದಿರ 'ಎರಡು ನಿಮಿಷ'ಕ್ಕೆ ಎಷ್ಟು ನಿಮಿಷ ಅಂತ ವಿಜ್ಞಾನ ಇನ್ನೂ ಕಂಡುಹಿಡಿದಿಲ್ಲ. ಆ ಆಟೋದ ಹಿಂಭಾಗ ಕಣ್ಮರೆಯಾಗುವವರೆಗೆ ಗಿರಿಜಾ ನೋಡುತ್ತಿದ್ದಳು. ಇದುವರೆಗೆ ಕೆಟ್ಟಿದ್ದು ಗಾಡಿ ಅಂದುಕೊಂಡಿದ್ದೆ. ಈಗ ಕೆಡುತ್ತಿರುವುದು ಅವಳ ಪರೀಕ್ಷೆ ಅಂತ ಗೊತ್ತಾಯಿತು.

ಅರವತ್ತನೇ ಕಿಕ್ಕಿನ ಹೊತ್ತಿಗೆ ಇನ್ನೊಮ್ಮೆ ಪ್ಲಗ್ ಬಿಚ್ಚಿದೆ. ಅಷ್ಟು ಕಿಕ್ ಹೊಡೆದ ಮೇಲೆ ಪೆಟ್ರೋಲಿನಲ್ಲಿ ತೊಯ್ದಿರಬೇಕಿತ್ತು. ಒಣಗಿತ್ತು. ಮೂಸಿದೆ, ವಾಸನೆಯೂ ಇಲ್ಲ. ಅಂದರೆ ಎಂಜಿನ್ನಿಗೆ ಪೆಟ್ರೋಲೇ ಹೋಗುತ್ತಿಲ್ಲ. ಟ್ಯಾಂಕಿನಿಂದ ಬರುವ ಪೈಪ್ ಕಿತ್ತೆ. ಸಣ್ಣ ನಲ್ಲಿಯ ಹಾಗೆ ಧಾರಾಳವಾಗಿ ಸುರಿಯಿತು, ನನ್ನ ಪ್ಯಾಂಟಿನ ಮೇಲೆ. ಕಾರ್ಬ್ಯುರೇಟರಿನ ಬಾಗಿಲವರೆಗೆ ಪೆಟ್ರೋಲ್ ಬಂದಿದೆ. ಒಳಗೆ ಹೋಗಿ ಎಂಜಿನ್ ಸೇರುತ್ತಿಲ್ಲ. ತಪ್ಪು ಕಾರ್ಬ್ಯುರೇಟರಿನದೇ. ಅಂದರೆ ಈರಣ್ಣನದೇ!

ಮನುಷ್ಯನಿಗೆ ದೋಷ ಸಿಗದಿದ್ದರೂ ಪರವಾಗಿಲ್ಲ, ದೋಷಿ ಸಿಕ್ಕರೆ ಎಷ್ಟು ಸಮಾಧಾನ ನೋಡಿ. ಫೋನ್ ಹಚ್ಚಿದೆ. ಕೈಗೆ ಗ್ರೀಸ್ ಇದ್ದುದರಿಂದ ಸ್ಪೀಕರ್ ಹಾಕಿ ಸೀಟಿನ ಮೇಲಿಟ್ಟೆ. ಆ ಕಡೆ ಮಗ್ಗದ ಟಕಟಕ ಕೇಳುತ್ತಿತ್ತು. ನಿಂತಿತು.

"ಈರಣ್ಣ, ಎಂಥಾ ಕೆಲಸ ಮಾಡಿ ಹೋದ್ರಿ? ಗಾಡಿ ರಸ್ತಾದಾಗ ನಿಂತೈತಿ. ಗಿರಿಜಾನ ಪರೀಕ್ಷಾ ಹೋಗತೈತಿ ಈಗ!"

ಅವನ ಧ್ವನಿ ಬಂತು. ಸಿಟ್ಟಿಗಿಂತ ಹೆಚ್ಚಾಗಿ ಅದರಲ್ಲಿ ನೋವಿತ್ತು. "ಮಾಸ್ತರ್ರೆ, ನನ್ನ ತಂಗಿ ಕುಂತು ಹೋಗೋ ಗಾಡಿ ಅದು. ಬೋಲ್ಟು ಎರಡೆರಡು ಸಲ ನೋಡೀನಿ. ಆಣಿ ಮಾಡಿ ಹೇಳ್ತೀನಿ, ಒಂದು ಎಳಿ ಸೈತ ಬಿಟ್ಟಿಲ್ಲ ನಾನು. ಎಲ್ಲಾ ಕಟ್ಟೀನಿ."

ನಾನು ಇನ್ನೇನೋ ಬೈಯಲು ಬಾಯಿ ತೆರೆದೆ. ಗಿರಿಜಾ ಬಂದು ಫೋನ್ ಎತ್ತಿಕೊಂಡಳು.

"ಅಣ್ಣಾ, ನೀ ಫಿಕರ್ ಮಾಡಬ್ಯಾಡ. ಬರತೈತಿ ಗಾಡಿ" ಅಂದು ಕಟ್ ಮಾಡಿದಳು. ಆಮೇಲೆ ನನ್ನನ್ನು ನೋಡಿದಳು. "ಎಲ್ಲಾ ಕಟ್ಟೀನಿ ಅಂದ. ಏನು ಕಟ್ಟ್ಯಾನ್ರಿ?"

"ಏನು ಕಟ್ಟೋದು ಇರ್ತೈತಿ ಅದರಾಗ? ಬೋಲ್ಟು ಬಿಗಿಮಾಡ್ಯಾನ."

"ಬೋಲ್ಟಿಗೆ ಬಿಗಿ ಮಾಡೀನಿ ಅಂತಾನ. ಕಟ್ಟೀನಿ ಅನ್ನಂಗಿಲ್ಲ ನಮ್ಮಣ್ಣ" ಅಂದಳು. "ನಿನ್ನೆ ನೀವು ಚಹಾಕ್ಕ ಒಳಗ ಹೋದಾಗ ಅಂವ ಗಾಡಿ ಹತ್ರ ಕುಂತು ಕಿಸೆದಾಗಿಂದ ನೂಲು ತಗದಾ. ನಾ ನೋಡೀನಿ."

ಇಲ್ಲಿ ನೇಕಾರರ ಮನೆಯ ಬಗ್ಗೆ ಒಂದು ಮಾತು ಹೇಳಬೇಕು. ನಾನು ಆ ಮನೆಯ ಅಳಿಯನಾದ ಹೊಸದರಲ್ಲಿ ಈರಣ್ಣ ಮಗ್ಗದಿಂದ ಏಳುವುದನ್ನು ನೋಡಿ ಬೆರಗಾಗಿದ್ದೆ. ಊಟಕ್ಕೆ ಏಳಲಿ, ಯಾರೋ ಬಾಗಿಲಲ್ಲಿ ಕರೆದರು ಅಂತ ಏಳಲಿ, ಏಳುವ ಮೊದಲು ಮಗ್ಗದ ಮೇಲೆ ಕೈಯಾಡಿಸುತ್ತಾನೆ. ಎಲ್ಲಾದರೂ ಒಂದು ಎಳೆ ತುದಿ ಬಿಟ್ಟುಕೊಂಡು ನೇತಾಡುತ್ತಿದ್ದರೆ ಗಂಟು ಹಾಕಿಯೇ ಏಳುವುದು. ಅವರ ಮನೆಯಲ್ಲಿ ಒಮ್ಮೆ ಎಳೆ ಏರಿಸಿದರೆ ಎಂಟು ಸೀರೆ ಇಳಿಯುವವರೆಗೆ ಮಗ್ಗ ಬಿಚ್ಚುವಂತಿಲ್ಲ. ಬಿಟ್ಟ ಒಂದು ಎಳೆ ಪಕ್ಕದ ಹತ್ತನ್ನು ಎಳೆದುಕೊಂಡು ಸಿಕ್ಕಾಗುತ್ತದೆ. ಅದು ಎಂಟನೇ ಸೀರೆಯವರೆಗೂ ಕಾಡುತ್ತದೆ. ಹಾಗಾಗಿ ಆ ಮನೆಯಲ್ಲಿ ಸಡಿಲ ತುದಿ ಅಂದರೆ ಅರ್ಧ ಕೆಲಸ. ಗೋಧಿ ಹಿಟ್ಟಿನ ಚೀಲ, ಚಾರ್ಜರಿನ ವೈರು, ಕಿಟಕಿಯ ಪರದೆ, ಯಾವುದರ ತುದಿಯೂ ಜೋತಾಡುವಂತಿಲ್ಲ. (ನನ್ನ ಪೈಜಾಮದ ಲಾಡಿಗೆ ಒಮ್ಮೆ ಈರಣ್ಣನೇ ಗಂಟು ಹಾಕಿಕೊಟ್ಟಿದ್ದ. ಬಿಚ್ಚಲು ಗಿರಿಜಾನೇ ಬರಬೇಕಾಯಿತು. ಆ ಕಥೆ ಇಲ್ಲಿ ಬೇಡ.)

ಗಿರಿಜಾ ಸೀರೆ ನೆರಿಗೆ ಒತ್ತಿ ಹಿಡಿದು ರಸ್ತೆಯ ಮೇಲೇ ಕುಕ್ಕರಗಾಲಲ್ಲಿ ಕೂತಳು. ಎಂಜಿನ್ ಕೆಳಗೆ ಇಣುಕಿದಳು. ಕೈ ಹಾಕಿ ಏನನ್ನೋ ಹಿಡಿದಳು.

"ಇದೇನ್ರಿ?"

ನಾನೂ ಬಗ್ಗಿದೆ. ಕಾರ್ಬ್ಯುರೇಟರಿನಿಂದ ಕೆಳಗೆ ಇಳಿದ ಬೆರಳು ಗಾತ್ರವೂ ಇಲ್ಲದ ಒಂದು ರಬ್ಬರ್ ಪೈಪು. ಹಳೆಯದರಲ್ಲಿ ಅದು ಯಾವ ಕಾಲದಲ್ಲೋ ಉದುರಿ ಹೋಗಿತ್ತು, ಹಾಗಾಗಿ ನಾನು ಅದನ್ನು ಕಂಡೇ ಇರಲಿಲ್ಲ. ಅದರ ಇನ್ನೊಂದು ತುದಿ ಯಾವುದಕ್ಕೂ ಸೇರುವುದಿಲ್ಲ. ಸುಮ್ಮನೆ ಕೆಳಗೆ ತೂಗಾಡಿಕೊಂಡಿರಬೇಕಾದದ್ದು. ಆ ತುದಿಯನ್ನು ಮೇಲಕ್ಕೆ ಮಡಚಿ, ಅಚ್ಚುಕಟ್ಟಾಗಿ ಏಳೆಂಟು ಸುತ್ತು ನೂಲು ಸುತ್ತಿ, ಗಂಟು ಹಾಕಿತ್ತು. ಕೆಂಗಂದು ರೇಷ್ಮೆ ನೂಲು. ಗಿರಿಜಾಳ ಸೀರೆ ಅಂಚಿನದೇ.

ಈರಣ್ಣ ಸ್ವಲ್ಪ ಸಾಪ್ ಮಾಡಿದ್ದ.

"ಅದೇನೋ ಬ್ಯಾಡಾದ ಪೈಪು ಇರಬೇಕು. ಅದಕ್ಕ ಕಟ್ಟ್ಯಾನ. ಅದರಾಗ ಪೆಟ್ರೋಲ್ ಬರಂಗಿಲ್ಲ, ಗಾಳಿ ಆಡೋ ಪೈಪದು" ಅಂದೆ ನಾನು. ವಿಜ್ಞಾನ ಮೇಷ್ಟ್ರು ನಾನು, ಗಾಳಿ ಆಡೋ ಪೈಪು ಅಂತ ನನ್ನ ಬಾಯಿಂದಲೇ ಅಂದೆ. ಆದರೂ ತಲೆಗೆ ಹೋಗಲಿಲ್ಲ.

ಗಿರಿಜಾ ನನ್ನ ಮುಖ ನೋಡಿದಳು. "ಎಣ್ಣಿ ಡಬ್ಬಿಗೆ ಒಂದೇ ತೂತು ಹೊಡದ್ರ ಎಣ್ಣಿ ಬರತೈತೇನ್ರಿ?"

ಓದುಗರೇ, ಇಪ್ಪತ್ತೊಂದು ವರ್ಷಗಳಿಂದ ಎಂಟನೇ ತರಗತಿಗೆ ಗಾಳಿಯ ಒತ್ತಡದ ಪಾಠ ಮಾಡುತ್ತಿದ್ದೇನೆ. ಪ್ರತಿ ವರ್ಷ ಮನೆಯಿಂದ ಒಂದು ಎಣ್ಣೆ ಡಬ್ಬಿ ಒಯ್ಯುತ್ತೇನೆ. ನೀರು ತುಂಬಿ ಒಂದು ತೂತು ಹೊಡೆದು ಬಗ್ಗಿಸಿ ತೋರಿಸುತ್ತೇನೆ, ಎರಡು ಹನಿ ಬಿದ್ದು ನಿಲ್ಲುತ್ತದೆ. ಆ ಕಡೆ ಇನ್ನೊಂದು ತೂತು ಹೊಡೆಯುತ್ತೇನೆ, ಗಾಳಿ ಒಳಗೆ ಹೋಗುತ್ತದೆ, ನೀರು ಧಾರೆಯಾಗಿ ಸುರಿಯುತ್ತದೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ. ಆ ಡಬ್ಬಿ ತೊಳೆದು ಕೊಡುವವಳು ಗಿರಿಜಾ. ನೂಲು ಕಟ್ಟಿ ಗಾಳಿಯ ದಾರಿ ಮುಚ್ಚಿದ್ದರಿಂದ, ಕಾರ್ಬ್ಯುರೇಟರಿನಲ್ಲಿ ಮೊದಲೇ ಇದ್ದ ಪೆಟ್ರೋಲ್ ಸೇತುವೆವರೆಗೆ ತಂದು ಮುಗಿದಿತ್ತು, ಹೊಸದು ಇಳಿಯುತ್ತಿರಲಿಲ್ಲ. ಪಾಠ ನಾನು ಮಾಡಿದೆ, ಕಲಿತವಳು ಅವಳು.

"ಕತ್ತರಿಸೋಣ, ಬ್ಲೇಡ್ ಐತೇನು?" ಅಂತ ನಾನು ಕಿಸೆ ತಡಕಾಡಿದೆ. ಹಲ್ಲಿಂದಾದರೂ ಕಡಿಯುತ್ತೇನೆ ಅಂತ ಬಗ್ಗಿದೆ.

"ಬ್ಯಾಡ್ರಿ. ಪೈಪು ಹರೀತೈತಿ. ತಡೀರಿ."

ಸೆರಗಿನ ಸೇಫ್ಟಿ ಪಿನ್ ತೆಗೆದು ಗಂಟಿನೊಳಗೆ ತೂರಿಸಿದಳು. ನೇಕಾರರ ಮನೆಯಲ್ಲಿ ನೂಲು ಕತ್ತರಿಸುವುದು ಕೊನೆಯ ಉಪಾಯ. ಗಂಟು ಹಾಕಿದವರ ಕೈ ಗೊತ್ತಿದ್ದರೆ ಬಿಚ್ಚುವುದು ಸುಲಭವಂತೆ. ಎಂಟು ಹತ್ತಾಗಿತ್ತು. ನಾನು ಗಡಿಯಾರ ನೋಡುತ್ತಾ ರಸ್ತೆಯ ಮೇಲೆ ಶತಪಥ ತಿರುಗುತ್ತಿದ್ದರೆ, ಪರೀಕ್ಷೆಗೆ ಹೋಗಬೇಕಾದವಳು ಉಸಿರು ಬಿಗಿಹಿಡಿದು ತನ್ನ ಅಣ್ಣನ ಗಂಟನ್ನು ಒಂದೊಂದೇ ಸುತ್ತು ಬಿಚ್ಚಿದಳು. ಮಡಚಿದ ಪೈಪು ನೆಟ್ಟಗಾಯಿತು. ಕಾರ್ಬ್ಯುರೇಟರಿನೊಳಗೆ ಗುಳುಗುಳು ಅಂದದ್ದು ಇಬ್ಬರಿಗೂ ಕೇಳಿಸಿತು.

ಎಂಬತ್ತೈದನೇ ಕಿಕ್ಕಿಗೆ ಕೆಮ್ಮಿತು. ಎಂಬತ್ತಾರನೆಯದಕ್ಕೆ ಹಿಡಿಯಿತು.

ಆಮೇಲೆ ನಾನು ಹೇಗೆ ಓಡಿಸಿದೆ ಅಂತ ಕೇಳಬೇಡಿ, ನನ್ನ ಶಾಲೆಯ ಮಕ್ಕಳೂ ಇದನ್ನು ಓದುತ್ತಾರೆ. ಅಮರಚಿಂತ ಯಾವಾಗ ಬಂತೋ ಹೋಯಿತೋ. ಜೂರಾಲ ಡ್ಯಾಮಿನ ಮೇಲೆ ಗಾಳಿಗೆ ಗಾಡಿ ಅತ್ತಿತ್ತ ಆಡುತ್ತಿತ್ತು. ಎಂದೂ ಅಲ್ಲಿ ನಿಂತು ನೀರು ನೋಡದೆ ಮುಂದೆ ಹೋದವರಲ್ಲ ನಾವು, ಈ ಸಲ ಕಣ್ಣು ಹೊರಳಿಸಲಿಲ್ಲ. ಗಿರಿಜಾ ನನ್ನ ಬೆನ್ನ ಹಿಂದೆ ಏನನ್ನೋ ಒಂದೇ ಸಮನೆ ಗುನುಗುತ್ತಿದ್ದಳು. ದೇವರ ನಾಮ ಅಂದುಕೊಂಡೆ. ಗದ್ವಾಲ ಹತ್ತಿರ ಬಂದಾಗ ಕಿವಿಗೊಟ್ಟರೆ ಮಕ್ಕಳ ಮನೋವಿಜ್ಞಾನದ ವ್ಯಾಖ್ಯೆಗಳು.

ಗೇಟಿನ ಕಾವಲುಗಾರ ಒಂದು ಬಾಗಿಲು ಆಗಲೇ ಎಳೆದಿದ್ದ. "ಟೈಮ್ ಐಪೋತೋಂದಿ ಅಮ್ಮಾ, ರಂಡಿ ರಂಡಿ!" ಅಂತ, ಟೈಮ್ ಮುಗೀತಿದೆ ಬನ್ನಿ ಬನ್ನಿ ಅಂತ, ತೆಲುಗಿನಲ್ಲಿ ಕೂಗುತ್ತಿದ್ದ. ಗಿರಿಜಾ ಓಡಿದಳು. ಹದಿನೆಂಟು ವರ್ಷದಲ್ಲಿ ಅವಳು ಓಡಿದ್ದನ್ನು ನಾನು ನೋಡಿರಲಿಲ್ಲ. ಬಾಗಿಲ ಸಂದಿಯಲ್ಲಿ ಕೆಂಗಂದು ಅಂಚು ಒಳಗೆ ಹೋಯಿತು. ನಾನು ಗಡಿಯಾರ ನೋಡಿದೆ. ಒಂಬತ್ತು ಇಪ್ಪತ್ತೆಂಟು.

ಇಡ್ಲಿ ತಿನ್ನಲಿಲ್ಲ.

ಹೆಂಗಸರು ಪರೀಕ್ಷೆ ಬರೆಯುವ ಕೇಂದ್ರದ ಹೊರಗಿನ ಬೇವಿನ ಮರವನ್ನು ನೀವು ಒಮ್ಮೆ ನೋಡಬೇಕು. ಕೆಳಗೆ ಬರೀ ಗಂಡಸರು. ಒಬ್ಬನ ಹೆಗಲಲ್ಲಿ ಹೆಂಡತಿಯ ಬ್ಯಾಗು, ಇನ್ನೊಬ್ಬನ ತೊಡೆಯ ಮೇಲೆ ಅಳುವ ಕೂಸು, ಮತ್ತೊಬ್ಬನ ಕೈಯಲ್ಲಿ ಬಳೆ. (ಒಳಗೆ ಬಳೆ ಬಿಡುವುದಿಲ್ಲ ಅಂದರಂತೆ.) ಎಲ್ಲರ ಮುಖದಲ್ಲೂ ತಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಎಂಬ ಗಾಂಭೀರ್ಯ. ನನ್ನದರಲ್ಲೂ ಇರುತ್ತಿತ್ತೇನೋ. ಆದರೆ ನನ್ನ ಕೈಯಲ್ಲಿ ಬ್ಯಾಗಿರಲಿಲ್ಲ, ಬಳೆ ಇರಲಿಲ್ಲ. ಓಡುವ ಮೊದಲು ಗಿರಿಜಾ ತುರುಕಿ ಹೋದ ಆ ನೂಲಿನ ಎಳೆ ಇತ್ತು.

ನಾಲ್ಕು ತಾಸು ಒಂದು ಎಳೆ ನೂಲು ಹಿಡಿದು ಕೂತರೆ ಏನೇನೋ ನೆನಪಾಗುತ್ತದೆ.

ಮದುವೆಗೆ ಮೊದಲೇ ಗಿರಿಜಾ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಒಳ್ಳೆ ಮಾರ್ಕ್ಸು. ಹೊಸ ರಾಜ್ಯ ಬಂದ ಮೇಲೆ ಮೊದಲ ಸಲ ನೇಮಕಕ್ಕೆ ಅರ್ಜಿ ಕರೆದಾಗ ಅವಳೇ ಪೇಪರ್ ಕತ್ತರಿಸಿ ತಂದು ನನ್ನ ಮೇಜಿನ ಮೇಲಿಟ್ಟಳು. ನಾನು ಏನಂದೆ ಗೊತ್ತೇ? "ಈಗ ತಾನೇ ರಾಜ್ಯ ಬಂದೈತಿ. ನಮ್ಮ ಕನ್ನಡ ಸಾಲಿಗಳ ಗತಿ ಏನೋ ಏನೋ. ಎಲ್ಲಾ ಒಂದು ಲೈನಿಗೆ ಬರಲಿ, ಆಮ್ಯಾಲೆ ನೋಡೋಣು." ಕೊನೆಯ ದಿನ ದಾಟಿತು. ಕನ್ನಡ ಶಾಲೆಗಳು ಇದ್ದಲ್ಲೇ ಇದ್ದವು. ನನ್ನ ಶಾಲೆಯೂ ಇತ್ತು, ನನ್ನ ನೌಕರಿಯೂ ಇತ್ತು. ಲೈನಿಗೆ ಬರಬೇಕಿದ್ದದ್ದು ಯಾವುದು ಅಂತ ನನಗೆ ಈಗಲೂ ಗೊತ್ತಿಲ್ಲ.

ನಾನು ಬೇಡ ಅನ್ನಲಿಲ್ಲ. ಅದನ್ನು ನಾನು ಎಷ್ಟೋ ಸಲ ಗೆಳೆಯರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ, 'ನಾನೇನೂ ಬೇಡ ಅಂದಿಲ್ಲಪ್ಪ'. ಈರಣ್ಣನೂ ಪೈಪಿಗೆ ಬೇಡ ಅನ್ನಲಿಲ್ಲವಲ್ಲ. ಪ್ರೀತಿ ಇತ್ತು, ಕಾಳಜಿ ಇತ್ತು, ಅಚ್ಚುಕಟ್ಟು ಇತ್ತು. ಮನೆ, ಅಡುಗೆ, ಹಬ್ಬ, ನೆಂಟರು, ಎಲ್ಲ ನೀಟಾಗಿ ನಡೆಯುತ್ತಿದ್ದ ನಮ್ಮ ಸಂಸಾರದಲ್ಲಿ ಎಲ್ಲಿಗೂ ಸೇರದ ಒಂದು ತುದಿ ಜೋತಾಡುತ್ತಿದ್ದುದು ನನ್ನ ಕಣ್ಣಿಗೆ ಸರಿ ಕಾಣಲಿಲ್ಲ. ಮಡಚಿ ಕಟ್ಟಿದೆ. ಆಮೇಲೆ ಇವಳು ಯಾಕೆ ಹೀಗೆ ಸಪ್ಪಗಿರುತ್ತಾಳೆ, ಡಾಕ್ಟರಿಗೆ ತೋರಿಸಬೇಕೇ ಅಂತ ಕಿಕ್ ಹೊಡೆಯುತ್ತಲೇ ಇದ್ದೆ. ಈರಣ್ಣನ ಗಂಟು ಒಂದು ರಾತ್ರಿಯದು. ನನ್ನದಕ್ಕೆ ವರ್ಷಗಳಾದವು. ಬೇವಿನ ಮರದ ಕೆಳಗೆ ಕೂತು ನನಗೆ ನಿಜವಾಗಿ ದುಃಖವಾಯಿತು. ಪಕ್ಕದಲ್ಲಿ ಬಳೆ ಹಿಡಿದು ಕೂತಿದ್ದವನು "ಏಮೈಂದಿ ಸಾರ್?" ಅಂತ, ಏನಾಯಿತು ಅಂತ, ಕೇಳಿದ. ಕಣ್ಣಿಗೆ ಧೂಳು ಬಿತ್ತು ಅಂದೆ. ಗದ್ವಾಲದಲ್ಲಿ ಧೂಳಿಗೆ ಬರವಿಲ್ಲದ್ದರಿಂದ ನಂಬಿದ.

ಒಂದೂವರೆಗೆ ಗಿರಿಜಾ ಹೊರಗೆ ಬಂದಳು. ಗಾಳಿ ಒತ್ತಡದ ಪ್ರಶ್ನೆ ಬಂದಿತ್ತೇ ಅಂತ ನೀವು ಕೇಳುತ್ತೀರಿ. ಬಂದಿರಲಿಲ್ಲ. ಬದುಕು ಅಷ್ಟು ಚೆನ್ನಾಗಿ ಪ್ರಶ್ನೆಪತ್ರಿಕೆ ತೆಗೆಯುವುದಿಲ್ಲ. "ಹೆಂಗಾತು?" ಅಂದೆ. "ಬರದೀನಿ" ಅಂದಳು. ಮುಖ ತೊಳೆದಂತಿತ್ತು. ರಿಸಲ್ಟ್ ಏನೇ ಬರಲಿ, ಆ ಮುಖವನ್ನು ನಾನು ಮದುವೆಯಾದ ಹೊಸದರಲ್ಲಿ ನೋಡಿದ್ದು, ಆಮೇಲೆ ಈಗಲೇ.

ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮಿರ್ಚಿ, ಚಹಾ ಹೇಳಿದೆವು. ಅಲ್ಲಿಂದಲೇ ಈರಣ್ಣನಿಗೆ ಫೋನ್ ಮಾಡಿದಳು. ಫೋನ್ ಒಂದೇ ರಿಂಗಿಗೆ ಎತ್ತಿದ. ಬೆಳಿಗ್ಗೆಯಿಂದ ಮಗ್ಗಕ್ಕೆ ಕೂತಿರಲಿಲ್ಲವಂತೆ. "ಮುಟ್ಟಿದ್ಯಾ ಗಿರಿ? ಬರದ್ಯಾ? ನಂದೇನರ ತಪ್ಪಿತ್ತೇನು?" ಅಂತ ಒಂದೇ ಉಸಿರಿಗೆ ಕೇಳಿದ.

"ನಿಂದೇನಿಲ್ಲಣ್ಣ. ಇವ್ರೇ ಚೋಕ್ ಎಳಿಯೋದು ಮರತಿದ್ರು" ಅಂದಳು ಗಿರಿಜಾ, ನನ್ನನ್ನೇ ನೋಡುತ್ತಾ.

ಆ ಕಡೆಯಿಂದ ಈರಣ್ಣ ಜೋರಾಗಿ ನಕ್ಕ. "ಮಾಸ್ತರ್ರಿಗೆ ಪುಸ್ತಕದಾಗಿಂದು ಅಷ್ಟೇ ಬರತೈತಿ!" ನಾನು ಒಪ್ಪಿಕೊಂಡೆ. ಬೆಳಿಗ್ಗೆ ಅವನನ್ನು ಬೈದದ್ದಕ್ಕೆ ಅಷ್ಟಾದರೂ ತೆರಬೇಕಲ್ಲ. (ಈರಣ್ಣ ಪೇಪರ್ ಓದುವುದಿಲ್ಲ, ಸೀರೆ ಸುತ್ತಲು ಮಾತ್ರ ಬಳಸುತ್ತಾನೆ ಎಂಬ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನಾರಾಯಣಪೇಟೆಯ ಓದುಗರು ದಯವಿಟ್ಟು ಬಾಯಿ ಬಿಡಬೇಡಿ.)

ಚಹಾ ಬಂತು. ಗಿರಿಜಾ ಬಟ್ಟಲು ಕೈಯಲ್ಲಿ ಹಿಡಿದು ಹೊರಗೆ ನೋಡುತ್ತಾ ಅಂದಳು, "ನೌಕರಿ ಆದ್ರ ಎಲ್ಲಿಗೆ ಹಾಕ್ತಾರೋ ಏನೋ. ನಮ್ಮೂರಾಗ ಆದ್ರ ಛಲೋ. ಕೃಷ್ಣಾ ದಂಡಿ ಊರಿಗೆ ಹಾಕಿದ್ರ ಅಲ್ಲೇ ಒಂದು ಖೋಲಿ ಹಿಡೀತೀನಿ. ವಾರಕ್ಕೊಮ್ಮೆ ಬರ್ತೀನಿ."

ಅಲ್ಲೇ ಖೋಲಿ! ವಾರಕ್ಕೊಮ್ಮೆ! ಮನೆ ಕಡೆ ಯಾರು? ಅಡುಗೆ? ನನ್ನ ಬಿ.ಪಿ. ಮಾತ್ರೆ? 'ಎಲ್ಲಾ ಒಂದು ಲೈನಿಗೆ ಬರಲಿ, ಆಮ್ಯಾಲೆ ನೋಡೋಣು' ಅನ್ನುವ ಆ ಹಳೆಯ ವಾಕ್ಯ ನನ್ನ ಗಂಟಲವರೆಗೆ ಬಂತು. ಬಾಯಿಯೂ ತೆರೆಯಿತು.

ನಾನು ಮೇಜಿನ ಮೇಲಿಟ್ಟಿದ್ದ ಬೈಕಿನ ಕೀಲಿಯನ್ನು ಗಿರಿಜಾ ಎತ್ತಿಕೊಂಡಳು. ನನ್ನ ಕೈಯಲ್ಲಿದ್ದ ಆ ಕೆಂಗಂದು ನೂಲನ್ನು ತೆಗೆದುಕೊಂಡು ಅದರ ರಿಂಗಿಗೆ ನಿಧಾನವಾಗಿ ಏಳೆಂಟು ಸುತ್ತು ಸುತ್ತಿ, ನನ್ನ ಬಾಯಿಯನ್ನೇ ನೋಡುತ್ತಾ ಗಂಟು ಹಾಕಿದಳು.

ಬಾಯಿ ಮುಚ್ಚಿಕೊಂಡೆ. ಗಂಟು ಎಲ್ಲಿ ಹಾಕಬೇಕು ಅಂತ ನೇಕಾರರ ಮಗಳಿಗೆ ನಾನು ಹೇಳಿಕೊಡಬೇಕೇ?